ತನ್ನ ಹೆಸರನ್ನು ತಾನೇ ಎತ್ತಿದ ಮುತ್ತಮ್ಮನ ಮನೆ

ಮನೆ ಹಂಚಿಕೆಯ ಮಾನ್ಯ ಅಧಿಕಾರಿಗಳೇ,

ತಾವು ನನಗೆ ಮಂಜೂರು ಮಾಡಿರುವ ಮನೆ ನನ್ನದಲ್ಲ. ದಯವಿಟ್ಟು ಅದನ್ನು ವಾಪಸು ಪಡೆದು, ಅದು ನಿಜವಾಗಿ ಯಾರದೋ ಅವರಿಗೇ ಕೊಡಿ. ಮನೆ ಸಿಗಲಿಲ್ಲವೆಂದು ತಮಗೆ ದಿನವೂ ದೂರು ಬರುತ್ತಿರಬಹುದು. ಸಿಕ್ಕಿತೆಂದು ತಕರಾರು ತೆಗೆಯುವವನು ನಾನೇ ಮೊದಲಿಗನಿರಬೇಕು. ಇಂಥ ದೂರಿಗೆ ತಮ್ಮ ಕಚೇರಿಯಲ್ಲಿ ಫೈಲು ಇರಲಾರದೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ಹಗರೆಯಲ್ಲಿ ಬಟ್ಟೆ ಹೊಲಿಯುವವನು. ನಮ್ಮದು ಬಾಡಿಗೆ ಮನೆಗಳ ಸಾಲು. ಗೋಡೆಯಾಚೆ ಮುತ್ತಮ್ಮ ಇದ್ದಾರೆ. ಗಂಡ ತೀರಿಕೊಂಡ ಮೇಲೆ, ನಿಂತ ಬಸ್ಸುಗಳ ಕಿಟಕಿಗೆ ಸೌತೆಕಾಯಿ ಎತ್ತಿ ಹಿಡಿದು ಮಾರಿ ಬದುಕುತ್ತಿರುವವರು. ಸಾಲನ್ನೆಲ್ಲ ಕೆಡವಿ ಅಂಗಡಿ ಕಟ್ಟಿಸುತ್ತೇನೆ, ಯುಗಾದಿಯೊಳಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಬಿಟ್ಟಿದ್ದಾರೆ. ಅಷ್ಟರಲ್ಲಿ ಹಳೇಬೀಡಿಗೆ ಹೋಗುವ ರಸ್ತೆಯ ಪಕ್ಕ ಸರ್ಕಾರ ಮನೆಗಳನ್ನು ಕಟ್ಟಿಸಿ, ಅರ್ಜಿ ಹಾಕಿದವರಿಗೆ ಚೀಟಿ ಎತ್ತಿ ಹಂಚುತ್ತದೆಂದು ತಿಳಿಯಿತು. ಇಬ್ಬರೂ ಅರ್ಜಿ ಹಾಕಿದೆವು.

ಹಿಂದಿನ ಸಲ ಚೀಟಿ ಎತ್ತಿದ್ದು ಸಮಿತಿಯ ಸದಸ್ಯರೊಬ್ಬರ ಮೊಮ್ಮಗಳು. ಮಗು ಅಜ್ಜನ ಸ್ನೇಹಿತರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದ ಜಾಣತನ ಊರಿಗೆಲ್ಲ ಗೊತ್ತು. ಆ ಗಲಾಟೆ ಮತ್ತೆ ಬೇಡವೆಂದು ಈ ಸಲ ತಾವು ಜನರ ನಡುವಿನಿಂದಲೇ ಓದು ಬಾರದ ಒಂದು ಕೈ ಬೇಕೆಂದಿರಿ. ಮುಂದೆಯೇ ಕೂತಿದ್ದ ಮುತ್ತಮ್ಮನನ್ನು ವೇದಿಕೆಗೆ ಕರೆದಿರಿ. ಅವರ ಬಳೆಗಳನ್ನು ಮೇಲೆ ಸರಿಸಿ, ಬರಿಗೈ ಎಲ್ಲರಿಗೂ ತೋರಿಸಿ, ಕಣ್ಣಿಗೆ ಬಟ್ಟೆ ಕಟ್ಟಿಸಿದಿರಿ. ಚೀಟಿಗಳಿದ್ದ ಕೊಡವನ್ನು ತಾವೇ ಕುಲುಕಿದಿರಿ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು, ನಾನೂ ಚಪ್ಪಾಳೆ ತಟ್ಟಿದ್ದೆ.

ಏಳೆಂಟು ಹೆಸರು ಬಂದ ಮೇಲೆ ತಾವು ಮೈಕಿನಲ್ಲಿ, "ಮುತ್ತಮ್ಮ, ಹಗರೆ" ಎಂದು ಓದಿದಿರಿ.

ಕಣ್ಣು ಕಟ್ಟಿಸಿಕೊಂಡೇ ಅವರು ಕೇಳಿದರು: "ಯಾವ ಮುತ್ತಮ್ಮ ಸ್ವಾಮಿ?"

"ನೀನೇ ಕಣಮ್ಮೋ!" ಎಂದು ಜನ ನಕ್ಕರು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಎದ್ದು, "ತನ್ ಚೀಟಿ ತಾನೇ ಎತ್ಕೊಂಡವ್ಳೆ, ಇದ್ಯಾವ ನ್ಯಾಯ?" ಎಂದು ಕೂಗಿದರು. ತಾವು ಕ್ಷಣ ಯೋಚಿಸಿ, ಸಂಶಯಕ್ಕೆ ಆಸ್ಪದ ಕೊಡಬಾರದೆಂದು ಆ ಚೀಟಿಯನ್ನು ಹರಿದು ಹಾಕಿದಿರಿ. ಕೊಡಕ್ಕೆ ವಾಪಸು ಹಾಕುವ ಸೌಜನ್ಯವೂ ಇಲ್ಲ! ಆಮೇಲೆ ತಾವೇ ಕೈ ಹಾಕಿ ಇನ್ನೊಂದು ತೆಗೆದಿರಿ. ಅದರಲ್ಲಿ ನಾನಿದ್ದೆ.

ಸ್ವಾಮಿ, ಚೀಟಿ ಎತ್ತುವ ಜಾಗಕ್ಕೆ ಅರ್ಜಿದಾರರಲ್ಲದೆ ಇನ್ನಾರು ಬರುತ್ತಾರೆ? ಸ್ವಂತ ಮನೆಯಿದ್ದವರು ಆ ಉರಿಬಿಸಿಲಲ್ಲಿ ಬಂದು ಕೂರಲು ಅವರಿಗೇನು ತಲೆ ಕೆಟ್ಟಿದೆಯೇ? ಓದು ಬಾರದವರು, ಕಣ್ಣು ಕಟ್ಟಿದೆ, ಕುಲುಕಿದ್ದು ತಾವು. ಇಷ್ಟಾದ ಮೇಲೂ ಅವರು ತಮ್ಮ ಚೀಟಿಯನ್ನೇ ಹುಡುಕಿ ತೆಗೆದರೆಂದು ತಾವು ನಂಬುವುದಾದರೆ, ಅಂಥ ವಿದ್ಯೆ ಬಲ್ಲವರನ್ನು ಸೌತೆಕಾಯಿ ಮಾರಲು ಬಿಟ್ಟಿರುವುದು ರಾಜ್ಯಕ್ಕೇ ನಷ್ಟ. ಇನ್ನೂ ಒಂದು ಮಾತು. ಅದೇ ಕೈ ಮೊದಲು ಎತ್ತಿದ ಹೆಸರುಗಳೆಲ್ಲ ಊರ್ಜಿತವಾಗಿವೆ. ಗೆಂಡೆಹಳ್ಳಿಯಲ್ಲಿ ತಾರಸಿ ಮನೆ ಇರುವವರೊಬ್ಬರೂ ಅದರಲ್ಲಿದ್ದಾರೆ. ಬೇರೆಯವರಿಗೆ ಕೊಡುವಾಗ ಶುದ್ಧವಾಗಿದ್ದ ಕೈ, ತನಗೆ ಬಂದ ಕೂಡಲೇ ಕಳ್ಳಗೈ ಆಯಿತೇ?

ಅಂದು ಸಂಜೆ ಮುತ್ತಮ್ಮ ನಮ್ಮ ಮನೆಗೆ ಸಕ್ಕರೆ ತಂದುಕೊಟ್ಟರು. ನನ್ನ ಹೆಂಡತಿ ಲಲಿತಮ್ಮನಿಗೆ, "ಹಾಲು ಉಕ್ಕಿಸೋ ದಿನ ಯೋಳ್ರವ್ವ, ಅಡುಗೆ ಕೆಲ್ಸಕ್ಕೆ ನಾನೂ ಬತ್ತೀನಿ" ಎಂದರು. ಒಂದು ಬಿರುನುಡಿ ಆಡಿದ್ದರೆ ನಮಗೆಷ್ಟೋ ಹಗುರವಾಗುತ್ತಿತ್ತು. ಅವರು ಹೋದ ಮೇಲೆ ಲಲಿತಮ್ಮ, "ಆ ಮನೇಲಿ ಒಲೆ ಹಚ್ಚಾಕೆ ನನ್ ಕೈಲಾಗಲ್ಲ ಕಣ್ರೀ. ವಾಪಸ್ ಕೊಟ್ಬುಡಿ" ಎಂದಳು. ನನಗೆ ಅಳು ಬಂತು. ಅವಳ ಮಾತಿಗೋ, ಕೈತಪ್ಪುವ ಮನೆಗೋ ಹೇಳಲಾರೆ.

ಆದ್ದರಿಂದ ನನ್ನ ಒತ್ತಾಯವಿಷ್ಟು. ಮನೆಯನ್ನು ಮುತ್ತಮ್ಮನ ಹೆಸರಿಗೆ ಮಾಡಿಕೊಡಿ. ನನ್ನ ಅರ್ಜಿಯನ್ನು ಮುಂದಿನ ಚೀಟಿಗೆ ಉಳಿಸಿಕೊಳ್ಳಿ. ನಾನು ಸಂನ್ಯಾಸಿಯಲ್ಲ, ನನಗೂ ಮನೆ ಬೇಕು. ಮುಂದೆ ಚೀಟಿ ಎತ್ತಲು ವಸತಿಯಿರುವವರನ್ನೇ ಕರೆಯಿರಿ. ತಮಗೆ ಕ್ವಾರ್ಟರ್ಸ್ ಇದೆಯಲ್ಲ, ತಾವಾದರೂ ಆದೀತು.

ಸೋಮವಾರ ಮುತ್ತಮ್ಮನೊಂದಿಗೆ ತಮ್ಮ ಕಚೇರಿಗೆ ಬರುತ್ತೇನೆ. "ನಾಳೆ ಬನ್ನಿ" ಎಂದು ಮಾತ್ರ ಹೇಳಬೇಡಿ. ನಿನ್ನೆ ಸಂಜೆ ಒಬ್ಬನೇ ಸೈಕಲ್ ತುಳಿದುಕೊಂಡು ಹೋಗಿ, ಆ ಮನೆಯ ಕಿಟಕಿಯಲ್ಲಿ ಇಣುಕಿ, ಹೊಲಿಗೆ ಯಂತ್ರ ಎಲ್ಲಿ ಇಡಬಹುದೆಂದು ನೋಡಿ ಬಂದಿದ್ದೇನೆ. ನನ್ನ ಒಳ್ಳೆಯತನ ಯುಗಾದಿಯವರೆಗೆ ಬಾಳುತ್ತದೆಂಬ ಧೈರ್ಯ ನನಗಿಲ್ಲ. ಬೇಗ ಮಾಡಿ, ಸ್ವಾಮಿ.

ಇಂತಿ,
ತಾವೇ ಮೈಕಿನಲ್ಲಿ ಅದೃಷ್ಟವಂತನೆಂದು ಸಾರಿದ
ಟೈಲರ್ ದೇವೀರಪ್ಪ, ಹಗರೆ