ಬ್ರೇಕನ್ನೂ ಓದುವ ಸ್ಕ್ಯಾನರ್

ಅತ್ತೆ,

ಇವತ್ತು ಬಸ್ಸಿನಲ್ಲೇ ಆಸ್ಪತ್ರೆ ಡ್ಯೂಟಿಗೆ ಹೊರಟೆ. ಕಾರಿನ ಕೀಲಿ ಫ್ರಿಜ್ ಮೇಲಿದೆ. ನಿನ್ನೆ ಕಾರಿಗೆ ಸಿಕ್ಕಿಸಿದಾಗ ನಿಮ್ಮ ಸ್ಕ್ಯಾನರ್ ಹಿಡಿದುಕೊಟ್ಟ ಬ್ರೇಕಿನ ದೋಷದ ಕೋಡನ್ನು ಮೆಕ್ಯಾನಿಕ್ ನೋಡುವವರೆಗೆ ಅಳಿಸಬೇಡಿ. ಹೋದ ಸಲ ಅಳಿಸಿಬಿಟ್ಟು, ಅವನು ಬಂದಾಗ ತೋರಿಸಲು ಏನೂ ಇಲ್ಲದೆ ಇಬ್ಬರೂ ಮುಖ ಮುಖ ನೋಡಿಕೊಂಡಿರಿ. ಒಬ್ಬರೇ ಕಾರಿನಡಿ ನುಸುಳಲೂ ಬೇಡಿ. ಸೊಂಟ ಹಿಡಿದರೆ ಬೈಯುವವಳು ನಾನೇ.

ನೀವು ಈ ಮಧ್ಯಮ ಬೆಲೆಯ ಸ್ಕ್ಯಾನರ್ ಕೊಂಡಾಗ, ಹವ್ಯಾಸಕ್ಕೆ ಎಂಜಿನ್ ದೋಷ ಮಾತ್ರ ಓದುವ ಅಗ್ಗದ್ದು ಸಾಲದಾ ಅಂತ ನಿಮ್ಮ ತಲೆ ತಿಂದಿದ್ದೆ. ಬೆಳಿಗ್ಗೆ ಸ್ಕ್ಯಾನರಿನ ಡಬ್ಬಿಯಲ್ಲಿ, ಆರಿಸುವಾಗ ನೀವು ಮಾಡಿದ್ದ ಪಟ್ಟಿ ಸಿಕ್ಕಿತು. ತೀರಾ ದುಬಾರಿಯದರ ಮುಂದೆ, "ಗ್ಯಾರೇಜಿನೋರಿಗೆ ಸರಿ, ನಮಗಲ್ಲ." ಅಗ್ಗದ್ದರ ಮುಂದೆ, "ಇದು ಬ್ರೇಕ್ ಓದಲ್ಲ. ಗಾಡಿ ಓಡಿಸೋದು ನನ್ನ ಸೊಸೆ. ಬೇಡ."

ಆ ಪಟ್ಟಿ ನನ್ನ ಪರ್ಸಿನಲ್ಲಿದೆ. ವಾಪಸ್ ಕೇಳಬೇಡಿ, ಕೊಡಲ್ಲ.