ಪುಟ್ಟಿಯ ಪ್ಲಾಸ್ಟಿಕ್ ಬಟ್ಟಲು

ಹೇಮಕ್ಕ,

ಅಮ್ಮನ ಜೊತೆ ಪಾಂಡವಪುರಕ್ಕೆ ಮತ್ತೆ ರಕ್ತ ಪರೀಕ್ಷೆಗೆ ಹೊರಟಿದ್ದೀನಿ. ನಿನ್ನ ಮಗಳ ಪ್ಲಾಸ್ಟಿಕ್ ಬಟ್ಟಲಲ್ಲಿ ಕೋಳಿಗಳಿಗೆ ನೀರಿಟ್ಟಿದ್ದೀನಿ, ಹುಡುಕಬೇಡ. ಕುದಿಯೋ ರಾಗಿ ಸರಿಯನ್ನ ಸ್ಟೀಲ್ ಬಟ್ಟಲಿಗೆ ಹಾಕಿದರೆ ಪುಟ್ಟಿಯೇನೂ ಮುನಿಸಿಕೊಳ್ಳಲ್ಲ.

"ನಿಂಗೂ ನಾನೇ ಅಂಗೇ ತಿನ್ಸಿ ಬೆಳ್ಸಿದ್ದು ಕಣೆ, ಏನಾಗೋಯ್ತು ನಿಂಗೆ?" ಅಂತ ನಿನ್ನೆ ಕೇಳಿದೆಯಲ್ಲ. ಏನೂ ಆಗಿಲ್ಲ ಮಹಾತಾಯಿ! ಹದಿನೈದು ವರ್ಷಕ್ಕೇ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ಅಷ್ಟೇ. ಕಬ್ಬು ಬೆಳೆಯೋರ ಮನೆಗೆ ಶೋಭೆ! ಬಿಸಿಗೆ ಪ್ಲಾಸ್ಟಿಕ್ ಬಿಡೋ ರಾಸಾಯನಿಕವೂ ಒಂದು ಕಾರಣ ಇರಬಹುದು, ಖಚಿತವಾಗಿ ಹೇಳೋಕಾಗಲ್ಲ ಅಂದರು ಡಾಕ್ಟರು.

ಅದಕ್ಕೆ ಕೂತು ಅಳಬೇಡ. ನನಗೆ ತಿನ್ನಿಸೋವಾಗ ನಿನಗೇ ಹನ್ನೊಂದು ವರ್ಷ, ಯಾರೂ ಹೇಳಿರಲಿಲ್ಲ. ಈಗ ನಾನು ಹೇಳಿದ್ದೀನಿ.

ಮೇಘನ