ನನ್ನ ಊಟದ ಮೇಜಿನಲ್ಲೇ ಪರೀಕ್ಷೆ ಪಾಸಾದ ವಾಲ್ವು

ಜಲ ವಿಭಾಗದ ಮಾನ್ಯ ಅಧೀಕ್ಷಕರೇ,

ನನ್ನ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಒಂದು ಹಿತ್ತಾಳೆಯ ವಾಲ್ವು ಇಟ್ಟಿದ್ದೇನೆ. ಅದರ ಹೊಟ್ಟೆಯಲ್ಲಿ ಕಿರುಬೆರಳು ತೂರುವಷ್ಟು ಬಿರುಕು. ಮೈಮೇಲೆ ಕೆತ್ತಿದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 4417. ನಿಮ್ಮ ಕಚೇರಿಯ ತಂತ್ರಾಂಶದ ಪ್ರಕಾರ ಈ ವಾಲ್ವು ನಮ್ಮೂರ ಶಾಲೆಯ ನೆಲಮಾಳಿಗೆಯಲ್ಲಿ, ಬಾಯ್ಲರಿಗೆ ಹೋಗುವ ಪೈಪಿನಲ್ಲಿ ಕೂತಿದೆ. ಕಳೆದ ಏಪ್ರಿಲ್ ಒಂಬತ್ತರಂದು ವಾರ್ಷಿಕ ಪರೀಕ್ಷೆಯಲ್ಲಿ ಪಾಸೂ ಆಗಿದೆ. ಆದರೆ ಇದು ಶಾಲೆಯಿಂದ ಹೊರಬಿದ್ದು ಎರಡು ವರ್ಷ ದಾಟಿದೆ. ನಿಮ್ಮ ಪರದೆಯ ಹಸಿರು ಗುರುತನ್ನು ನಂಬಿಕೊಂಡು ಶಾಲಾ ಮಂಡಳಿ ಬರುವ ಗುರುವಾರ ಅಲ್ಲಿನ ಕಟ್ಟಡ ನೋಡಿಕೊಳ್ಳುವ ಡೆಲ್ಬರ್ಟ್ ಕುಜೆಲಾ ಅವರನ್ನು ಕೆಲಸದಿಂದ ತೆಗೆಯಲು ಹೊರಟಿದೆ. ಅದನ್ನು ತಡೆಯಲೆಂದೇ ಈ ಪತ್ರ. ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮ್ಮ ಕಚೇರಿಗೆ ಕಳಿಸಿದ ಕಾಗದಗಳಿಗೆ 'ಸ್ವೀಕರಿಸಲಾಗಿದೆ' ಎಂಬುದರಾಚೆಗೆ ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ನಲ್ಲಿಯ ನೀರು ಯಾವಾಗಲೂ ಮುಂದಕ್ಕೇ ಹರಿಯುತ್ತದೆ ಎಂದು ಊರಿನವರು ನಂಬಿಕೊಂಡಿರುತ್ತಾರೆ. ನಿಮಗೂ ನನಗೂ ಗೊತ್ತು, ಬೀದಿಯ ದೊಡ್ಡ ಪೈಪು ಒಡೆದು ಒತ್ತಡ ಇಳಿದರೆ ಕಟ್ಟಡಗಳ ಒಳಗಿನ ನೀರು ಹಿಂದಕ್ಕೆ ಬರುತ್ತದೆ. ಬರುವಾಗ ದಾರಿಯಲ್ಲಿ ಸಿಕ್ಕಿದ್ದನ್ನೂ ಎಳೆದು ತರುತ್ತದೆ. ಬಾಯ್ಲರಿಗೆ ತುಕ್ಕು ಹಿಡಿಯದಿರಲೆಂದು ಅದರ ನೀರಿಗೆ ಮದ್ದು ಬೆರೆಸಿರುತ್ತಾರೆ, ಹೊಟ್ಟೆಗೆ ಹೋದರೆ ಅದು ವಿಷ. ಅದು ಅಡುಗೆಮನೆಯ ನಲ್ಲಿಗೆ ಬರದಂತೆ ತಡೆಯುವುದೊಂದೇ ಈ ವಾಲ್ವಿನ ಕೆಲಸ. ಫೆಬ್ರವರಿ ಆರರಂದು ಮೂರನೇ ಬೀದಿಯ ಪೈಪು ಒಡೆಯಿತು. ಅವತ್ತು ಶಾಲೆಯ ಊಟಕ್ಕೆ ಬೀನ್ಸು, ಮಾಂಸ ಹಾಕಿದ ಚಿಲಿ ಮತ್ತು ದಾಲ್ಚಿನ್ನಿ ರೋಲು. ಎರಡು ಗಂಟೆಯ ಹೊತ್ತಿಗೆ ಏಳು ಮಕ್ಕಳ ತುಟಿ ನೀಲಿಯಾಯಿತು. ಮೊದಲು ಗಮನಿಸಿದವರು ಡೆಲ್ಬರ್ಟ್. ಆಂಬುಲೆನ್ಸಿಗೆ ಫೋನು ಮಾಡಿದವರೂ, ಅಡುಗೆಮನೆಯ ನೀರು ನಿಲ್ಲಿಸಿದವರೂ ಅವರೇ. ಪುಣ್ಯಕ್ಕೆ ಏಳೂ ಮಕ್ಕಳು ಎರಡು ದಿನದಲ್ಲಿ ಮನೆಗೆ ಬಂದರು.

ಒಂಬತ್ತನೆಯ ದಿನ ನಿಮ್ಮ ತನಿಖಾ ವರದಿ ಬಂತು. 'ದಾಖಲೆಗಳ ಪ್ರಕಾರ ವಾಲ್ವು ಸುಸ್ಥಿತಿಯಲ್ಲಿತ್ತು. ಆದ್ದರಿಂದ ಶಾಲೆಯ ಸಿಬ್ಬಂದಿಯ ನಿರ್ಲಕ್ಷ್ಯವೇ ಕಾರಣ.' ಎಷ್ಟು ಅಚ್ಚುಕಟ್ಟಾದ ತನಿಖೆ. ಕುರ್ಚಿಯಿಂದ ಏಳುವ ಶ್ರಮವೂ ಇಲ್ಲದೆ ಮುಗಿದುಹೋಯಿತು. ಘಟನೆಯ ಮರುದಿನವೇ ಬಾಯ್ಲರಿನವರು ಗಾಬರಿಯಿಂದ ಓಡಿಬಂದು ಹೊಸ ವಾಲ್ವು ಕೂರಿಸಿ ಹೋಗಿದ್ದರು. ನಿಮ್ಮ ಇಲಾಖೆಯ ಇಬ್ಬರು ಅದರ ಮುಂದೆ ನಿಂತು ಫೋಟೋ ತೆಗೆದುಕೊಂಡರಂತೆ. ಸ್ವಲ್ಪ ಬಗ್ಗಿ ಅದರ ಮೇಲಿನ ಸಂಖ್ಯೆಯನ್ನು ಓದಿದ್ದರೆ ಅದು 4417 ಅಲ್ಲ ಎಂದು ತಿಳಿಯುತ್ತಿತ್ತು. ಬಗ್ಗುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲವೆಂದು ಕಾಣುತ್ತದೆ.

ಬಗ್ಗುವವರು ನಿಮ್ಮ ಕಚೇರಿಯಲ್ಲಿ ಒಬ್ಬರಿದ್ದರು. ಇರ್ಮಾ ಪ್ರೊಚಾಸ್ಕಾ. ನಾನು ವಾಲ್ವು ಪರೀಕ್ಷಿಸುವ ಈ ಕೆಲಸಕ್ಕೆ ಇಳಿದಾಗ ಇಡೀ ಊರಿನ ವಾಲ್ವುಗಳ ಲೆಕ್ಕ ಆಕೆಯ ಮರದ ಡ್ರಾಯರಿನ ಕಾರ್ಡುಗಳಲ್ಲಿ ಇರುತ್ತಿತ್ತು. ಪರೀಕ್ಷೆ ಮಾಡಿದವರು ವಾಲ್ವಿನ ಕುತ್ತಿಗೆಗೆ ತಂತಿಯಿಂದ ಒಂದು ತಗಡಿನ ಬಿಲ್ಲೆ ಕಟ್ಟಬೇಕು, ಅದರ ಮೇಲೆ ತಿಂಗಳು, ವರ್ಷ ಮೊಳೆಯಿಂದ ಗುದ್ದಬೇಕು. ಇರ್ಮಾ ಮಂಡಿನೋವು ಕಟ್ಟಿಕೊಂಡು, ಬ್ಯಾಟರಿ ಹಿಡಿದು, ಊರಿನ ಒಂದೊಂದು ನೆಲಮಾಳಿಗೆಗೂ ಇಳಿದು ಬಿಲ್ಲೆ ನೋಡುತ್ತಿದ್ದರು. ಒಮ್ಮೆ ನಾನು, "ಎಲ್ಲಾ ಸರಿಯಾಗಿದೆ ಮೇಡಂ, ಬಿಲ್ಲೆ ನಾಳೆ ಕಟ್ತೀನಿ" ಅಂದೆ.

"ಹಾಗಾದ್ರೆ ಪರೀಕ್ಷೆಯೂ ನಾಳೇನೇ ಆಯ್ತು ಅಂತ ಬರ್ಕೋತೀನಿ," ಅಂದರು. "ನಿನ್ನ ಮೇಲೆ ಅನುಮಾನ ಇಲ್ಲ ಡಾರ್ಲಾ. ನನ್ನ ಕಣ್ಣಿಗೆ ಕಾಣ್ಬೇಕು, ಅಷ್ಟೇ."

ಆಕೆ ನಿವೃತ್ತರಾದ ವರ್ಷವೇ ತಂತ್ರಾಂಶ ಬಂತು. ಕಾರ್ಡುಗಳನ್ನೆಲ್ಲ ಒಂದೇ ದಿನ ಅದರೊಳಗೆ ಸುರಿದಿರಿ. ಹಾಗಾಗಿ ಇಡೀ ಊರಿನ ಎಲ್ಲ ವಾಲ್ವುಗಳಿಗೂ ಗಡುವು ಒಂದೇ ದಿನ, ಏಪ್ರಿಲ್ ಒಂಬತ್ತು. ಬಿಲ್ಲೆ ಕಟ್ಟುವುದು ಬೇಡವೆಂದಿರಿ. ಗಡುವು ತಪ್ಪಿದರೆ ನೀರು ನಿಲ್ಲಿಸುತ್ತೇವೆಂಬ ಬೆದರಿಕೆಯ ಪತ್ರ ಮಾತ್ರ ತಾನಾಗಿಯೇ ಎಲ್ಲರ ಮನೆಗೂ ಹೋಗುತ್ತದೆ. ಪತ್ರ ಸಿಕ್ಕವರು ನಿಮಗೆ ಫೋನು ಮಾಡುವುದಿಲ್ಲ, ಪರೀಕ್ಷಕರ ತಲೆ ತಿನ್ನುತ್ತಾರೆ. ವಾಲ್ವು ಕೆಟ್ಟಿದೆ ಎಂದು ಬರೆದರೆ ಆರು ಪುಟ ತುಂಬಬೇಕು. ಸರಿಯಿದೆ ಎನ್ನಲು ಒಂದು ಗುಂಡಿ ಸಾಕು. ಆ ಗುಂಡಿಯ ಮೇಲೆ 'ಕಳೆದ ವರ್ಷದ ಅಂಕಿಗಳನ್ನೇ ತುಂಬು' ಎಂದು ಬರೆದಿದೆ. ನೀರು ಕಳೆದ ವರ್ಷ ಹರಿದಂತೆಯೇ ಈ ವರ್ಷವೂ ಹರಿಯುತ್ತದೆಂದು ಇದನ್ನು ಮಾಡಿದವರಿಗೆ ಯಾರು ಹೇಳಿದರು? ಹೋದ ವರ್ಷ ನಿಮ್ಮ ಕಚೇರಿಯ ಬಾಗಿಲಿಗೆ 'ನೂರಕ್ಕೆ ನೂರು ಪಾಲನೆ' ಎಂಬ ಬಟ್ಟೆ ಕಟ್ಟಿ ಕೇಕು ಕತ್ತರಿಸಿದಿರಿ. ನನಗೂ ಒಂದು ತುಂಡು ಕೊಟ್ಟಿರಿ. ತಿಂದೆ.

ಆ ನೂರರಲ್ಲಿ ನನ್ನ ಪಾಲೂ ಇತ್ತು: 4417ನ್ನು ಪಾಸು ಮಾಡಿದವಳು ನಾನೇ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಚಳಿಗೆ ಅದರೊಳಗಿನ ನೀರು ಹೆಪ್ಪುಗಟ್ಟಿ ವಾಲ್ವು ಸೀಳಿತು. ಬಾಯ್ಲರಿನವರು ಅದನ್ನು ಬಿಚ್ಚಿ, ಸದ್ಯಕ್ಕೆಂದು ನೇರ ಪೈಪು ಜೋಡಿಸಿದರು. ಡೆಲ್ಬರ್ಟ್ ನನ್ನನ್ನು ಕರೆಸಿದರು. ರಿಪೇರಿಗೆ ಬಿಡಿಭಾಗ ಸಿಗುತ್ತದೇನೋ ನೋಡುತ್ತೇನೆಂದು ವಾಲ್ವನ್ನು ಟ್ರಕ್ಕಿನ ಸೀಟಿನ ಹಿಂದೆ ಹಾಕಿಕೊಂಡು ಬಂದೆ. ಬಿಡಿಭಾಗ ಸಿಗಲಿಲ್ಲ. ಹೊಸದಕ್ಕೆ ಶಾಲಾ ಮಂಡಳಿಗೆ ಬರೆದೆ, ಅವರು ಮುಂದಿನ ಸಭೆಗೆ ಅಂದರು, ನಾನು ಮರೆತೆ. ಏಪ್ರಿಲ್ ಬಂತು. ನನ್ನ ಪಾಲಿನ ಅರುವತ್ತೊಂದು ವಾಲ್ವುಗಳಲ್ಲಿ ಮೂವತ್ತೆಂಟಕ್ಕೆ ಖುದ್ದಾಗಿ ಹೋದೆ. ಉಳಿದ ಇಪ್ಪತ್ತಮೂರನ್ನು ಇದೇ ಮೇಜಿನ ಮುಂದೆ ಕಾಫಿ ಕುಡಿಯುತ್ತ ಮುಗಿಸಿದೆ. ಪಟ್ಟಿಯಲ್ಲಿ ಶಾಲೆಯ ಹೆಸರು ಬಂದದ್ದೂ ನೆನಪಿಲ್ಲ. ಮರುವರ್ಷವೂ ಅದೇ ಕಥೆ. ಎರಡೂ ಸಲ ಆ ವಾಲ್ವು ಅಂಗಳದಲ್ಲಿ, ನನ್ನ ಟ್ರಕ್ಕಿನೊಳಗೆ ಬಿದ್ದಿತ್ತು. ನಿಮ್ಮ ಗುಂಡಿ ನನ್ನ ಬೆರಳನ್ನು ಎಳೆದುಕೊಂಡಿತೆಂದು ಹೇಳುವಷ್ಟು ನಾಚಿಕೆ ಬಿಟ್ಟವಳಲ್ಲ. ಒತ್ತಿದ್ದು ನಾನು. ಆದರೆ ಇರ್ಮಾ ಇದ್ದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ. ಆಕೆ ಇದ್ದಷ್ಟು ಕಾಲ ನಾನು ಇಂಥದ್ದನ್ನು ಮಾಡಿರಲೂ ಇಲ್ಲ.

ಮಕ್ಕಳ ಸುದ್ದಿ ಕೇಳಿದ ದಿನವೇ ಸೀಟಿನ ಹಿಂದೆ ನೋಡಿದೆ. ನೋಡಿ, ಬಾಗಿಲು ಹಾಕಿ, ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದೆ. ಭಯವಾಗಿತ್ತು, ಮತ್ತೇನಿಲ್ಲ. ಕಳೆದ ಶುಕ್ರವಾರ ಇಗರ್ಜಿಯ ಸಭಾಂಗಣದಲ್ಲಿ ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ ಮಾಂಸದ ಬದಲು ಬಡಿಸುವ ಮೀನೂಟವಿತ್ತು. ಡೆಲ್ಬರ್ಟ್ ಎಂಟು ಜನ ಕೂರುವ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಅವರ ಕೈಯಿಂದ ಬಾಲ್ಯದಲ್ಲಿ ಶೂ ಲೇಸು ಕಟ್ಟಿಸಿಕೊಂಡವರೆಲ್ಲ ತಟ್ಟೆ ಹಿಡಿದು ಆ ಮೇಜನ್ನು ದಾಟಿ ಹೋಗುತ್ತಿದ್ದರು. ನಾನು ಹೋಗಿ ಎದುರಿಗೆ ಕೂತೆ.

"ನನ್ನ ಜೊತೆ ಕೂತ್ರೆ ನಿನ್ನ ವ್ಯಾಪಾರ ಹಾಳಾಗುತ್ತೆ ಕಣಮ್ಮ," ಅಂದರು.

"ಹಾಳಾಗ್ಲಿ ಬಿಡಿ. ಡೆಲ್ಬರ್ಟ್, ಅಲ್ಲಿ ವಾಲ್ವೇ ಇರ್ಲಿಲ್ಲ ಅಂತ ನೀವ್ಯಾಕೆ ಅವರಿಗೆ ಹೇಳ್ಲಿಲ್ಲ?"

"ಹೇಳ್ದೆ. ಈಗಲೂ ಹೇಳ್ದೆ, ಹೋದ ಬೇಸಿಗೇಲೂ ನೀರಿನ ಆಫೀಸಿಗೆ ಫೋನು ಮಾಡಿ ಹೇಳಿದ್ದೆ. ಫೋನೆತ್ತಿದ ಹುಡುಗಿ, 'ಇಲ್ಲಿ ಹಸಿರಿದೆ ಸರ್, ಡಾರ್ಲಾ ಮೇಡಂ ಪಾಸು ಮಾಡಿದಾರೆ' ಅಂದ್ಳು." ಮೀನನ್ನು ಚಮಚದಿಂದ ಅತ್ತಿತ್ತ ಸರಿಸಿದರು. "ನೀನು ಮಾಡಿದೀಯ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ. ಗೋಡೆ ಹಿಂದೆ ಇನ್ನೊಂದು ಹಾಕಿರ್ಬೇಕು, ನನಗೆ ಕಾಣಿಸ್ತಿಲ್ಲ ಅಂತ. ಎರಡು ಸಲ ಬ್ಯಾಟರಿ ಬಿಟ್ಟು ಹುಡುಕ್ದೆ. ನನಗೂ ವಯಸ್ಸಾಯ್ತಲ್ಲ. ನಾನೇ ಎಲ್ಲೋ ತಪ್ಪು ಮಾಡಿದೀನೋ ಏನೋ."

ಮಾನ್ಯರೇ, ಮೂವತ್ತೊಂದು ವರ್ಷ ಆ ನೆಲಮಾಳಿಗೆಯನ್ನು ನೋಡಿಕೊಂಡ ಮನುಷ್ಯ ತನ್ನ ಕಣ್ಣನ್ನೇ ನಂಬಲಾಗದೆ ಗೋಡೆಯ ಹಿಂದೆ ಹುಡುಕಿದ್ದಾರೆ. ನನ್ನ ಹೆಸರಿನ ಮೇಲಿದ್ದ ನಂಬಿಕೆಯಿಂದ ಹುಡುಕಿದ್ದಾರೆ. ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಅವರು ಚಮಚ ಕೆಳಗಿಟ್ಟರು. ಆಮೇಲೆ, "ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ," ಅಂದರು. ನನ್ನನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಹೋದರು.

ನಾನು ಕೇಳುವುದು ಇಷ್ಟು. ಗುರುವಾರದ ಸಭೆಯಲ್ಲಿ ಈ ಪತ್ರವನ್ನು ಓದಿಸಿ, ಡೆಲ್ಬರ್ಟ್ ಅವರ ಮೇಲಿನ ಆರೋಪವನ್ನು ನಿಮ್ಮ ಬಾಯಿಂದಲೇ, ಅವರ ಎದುರಿನಲ್ಲೇ ಹಿಂತೆಗೆದುಕೊಳ್ಳಿ. ನನ್ನ ಪರೀಕ್ಷಕಿಯ ಪರವಾನಗಿಯನ್ನು ರದ್ದು ಮಾಡಿ. ಆ ಇಪ್ಪತ್ತಮೂರು ಜಾಗಗಳ ಪಟ್ಟಿಯನ್ನು ಪತ್ರಿಕೆಯವರ ಬಳಿ ಕೊಟ್ಟಿದ್ದೇನೆ. ಅದರಲ್ಲಿ ಹಲ್ಲಿನ ಆಸ್ಪತ್ರೆಯಿದೆ, ಹೆಣ ತೊಳೆಯುವ ಮನೆಯಿದೆ, ಗೊಬ್ಬರದ ಗೋದಾಮಿದೆ. ಒಂದೊಂದಕ್ಕೂ ಇದೇ ವಾರ ಮನುಷ್ಯರನ್ನು ಕಳಿಸಿ, ಅವರ ಕೈಗೆ ತಗಡಿನ ಬಿಲ್ಲೆ ಕೊಟ್ಟು ಕಳಿಸಿ. ಆ ಗುಂಡಿಯನ್ನು ಕಿತ್ತುಹಾಕಿ. ವಾಲ್ವನ್ನು ಗುರುವಾರ ನಾನೇ ಹೊತ್ತು ತರುತ್ತೇನೆ.

ಪತ್ರ ಮುಗಿಸುವ ಮುನ್ನ ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ನಿಮ್ಮ ತಂತ್ರಾಂಶ ನನಗೆ ನೆನಪೋಲೆ ಕಳಿಸಿದೆ. ಏಳು ಮಕ್ಕಳ ಸುದ್ದಿ ಅದಕ್ಕೆ ಇನ್ನೂ ತಲುಪಿಲ್ಲ. ವಾಲ್ವು 4417, ಶಾಲೆಯ ನೆಲಮಾಳಿಗೆ, ಗಡುವು ಏಪ್ರಿಲ್ ಒಂಬತ್ತು. ಅಂಕಿಗಳನ್ನು ಅದೇ ತುಂಬಿಟ್ಟಿದೆ. ನಾನು ಒತ್ತುವುದೊಂದು ಬಾಕಿ.

ಇಂತಿ,
ನಿಮ್ಮ ಪರದೆಯಲ್ಲಿ ಇಂದಿಗೂ ಹಸಿರಾಗಿರುವ
ಡಾರ್ಲಾ ಸ್ಟೆಹ್ಲಿಕ್
ಪರೀಕ್ಷಕಿ, ಗುರುವಾರದವರೆಗೆ